ನೀವು ಕೇಳಿದಿರಿ: ಸೋತವರಿಗೆ ಹೇಳಿದ ದೊಡ್ಡ ಮಾತು

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ವಿಷಯದ ಸುತ್ತ ಇವೆ. ದೇವರು ದೊಡ್ಡವನು, ತನ್ನ ಜನರನ್ನು ಬಿಡಿಸುತ್ತಾನೆ ಅಂತ ಹೇಳುತ್ತೇವಲ್ಲ, ಅದನ್ನು ಹೇಗೆ ನಂಬೋದು, ಎಲ್ಲಿಯವರೆಗೆ ನಂಬೋದು, ನಂಬಿದ ಮೇಲೂ ಏನೂ ಆಗದಿದ್ದರೆ ಏನು ಮಾಡೋದು. ಬೈಬಲ್‌ನಲ್ಲಿರುವ ಯೆಶಾಯ ಪ್ರವಾದಿಯ ಪುಸ್ತಕದ 40ನೇ ಅಧ್ಯಾಯದಿಂದ ಮುಂದಿನ ಭಾಗವನ್ನು ಹಲವರು ತಾವಾಗಿಯೇ ಎತ್ತಿದ್ದಾರೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು ಇವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಆದ್ದರಿಂದ ಯಾರ ಹೆಸರೂ ಇಲ್ಲ, ಊರು ಮಾತ್ರ.

ಪ್ರಶ್ನೆ: ಅಯ್ಯನವರೇ, ಕೆಲಸ ಹೋಗಿ ವರ್ಷದ ಮೇಲಾಯಿತು. ಮಗಳ ಫೀಸಿಗೆ ಹೆಂಡತಿಯ ಸರ ಅಡವಿಟ್ಟಿದ್ದೇನೆ. ಸಭೆಯಲ್ಲಿ ಯಾರ ಹತ್ತಿರ ಹೇಳಿಕೊಂಡರೂ "ದೇವರು ದೊಡ್ಡವನು, ನಂಬು ಬ್ರದರ್" ಅನ್ನುತ್ತಾರೆ. ಹಾಗೆ ಹೇಳುವವರಿಗೆಲ್ಲ ಒಂದನೇ ತಾರೀಕಿಗೆ ಸಂಬಳ ಬರುತ್ತದೆ. ಇದು ಸುಮ್ನೆ ಬಾಯಿಮಾತಿನ ಸಮಾಧಾನವಾ? (ಬೀದರ್)

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಹೊಟ್ಟೆ ತುಂಬಿದವನು ಹೇಳಿದರೆ ಆ ಮಾತು ಹಾಗೇ ಕೇಳಿಸುತ್ತದೆ. ಆದರೆ ಬೈಬಲ್‌ನಲ್ಲಿ ದೇವರ ದೊಡ್ಡತನದ ಬಗ್ಗೆ ಅತಿ ಜೋರಾದ ಮಾತು ಯಾರಿಗೆ ಹೇಳಿದ್ದು ನೋಡಿ.

ಕ್ರಿ.ಪೂ. 586ರಲ್ಲಿ ಬಾಬೆಲಿನ, ಅಂದರೆ ಈಗಿನ ಇರಾಕಿನಲ್ಲಿದ್ದ ಬ್ಯಾಬಿಲೋನಿನ, ರಾಜ ನೆಬೂಕದ್ನೆಚ್ಚರನ ಸೈನ್ಯ ಯೆಹೂದ್ಯರ ರಾಜಧಾನಿ ಯೆರೂಸಲೇಮನ್ನು ಹಿಡಿಯಿತು. ದೇವಾಲಯ ಸುಟ್ಟರು, ಗೋಡೆ ಕೆಡವಿದರು, ಜನರನ್ನು ಹಿಡಿದುಕೊಂಡು ಹೋದರು. ಅದಕ್ಕೂ 11 ವರ್ಷ ಮೊದಲೇ ಯೆಹೋಯಾಖೀನ ಎಂಬ ಎಳೆಯ ರಾಜನನ್ನು ಸೆರೆಯಾಗಿ ಒಯ್ದಿದ್ದರು. ಈ ರಾಜನ ವಿಷಯ ಬೈಬಲ್‌ನ ಹೊರಗೂ ಸಿಕ್ಕಿದೆ. ಜರ್ಮನಿಯ ಪುರಾತತ್ವಜ್ಞ ಕೋಲ್ಡೆವೈ ಬಾಬೆಲಿನಲ್ಲಿ ಅಗೆದಾಗ ಅರಮನೆಯ ಉಗ್ರಾಣದ ಲೆಕ್ಕದ ಮಣ್ಣಿನ ಹಲಗೆಗಳು ಸಿಕ್ಕವು. ಯಾರಿಗೆ ಎಷ್ಟು ಎಣ್ಣೆ ಅಳೆದು ಕೊಟ್ಟರು ಅನ್ನುವ ಪಟ್ಟಿ. ಬಡಗಿಗಳು, ದೋಣಿಯವರು, ಬೇರೆ ಬೇರೆ ದೇಶದ ಸೆರೆಯಾಳುಗಳು, ಅವರ ನಡುವೆ "ಯೆಹೂದದ ರಾಜ", ಆಮೇಲೆ ಅವನ ಐದು ಮಕ್ಕಳು. ಹೆಸರಾದ ದಾವೀದ ರಾಜನ ವಂಶದವನು ಶತ್ರುವಿನ ಉಗ್ರಾಣದಲ್ಲಿ ಪಡಿ ತೆಗೆದುಕೊಳ್ಳುವವರ ಸಾಲಿನಲ್ಲಿ ಒಬ್ಬ. ಅವನ ಪಾಲಿನ ಎಣ್ಣೆಯನ್ನು ಗುಮಾಸ್ತನೊಬ್ಬ ಹಸಿ ಮಣ್ಣಿನ ಮೇಲೆ ಗೀಚಿಟ್ಟಿದ್ದಾನೆ.

ಈ ಜನರಿಗೆ ಯೆಶಾಯ 40 ಹೇಳುತ್ತದೆ: ನೀರನ್ನೆಲ್ಲ ಬೊಗಸೆಯಲ್ಲಿ ಅಳೆದವನು ಯಾರು, ಆಕಾಶವನ್ನು ಗೇಣಿನಿಂದ ಅಳೆದವನು ಯಾರು? ಜನಾಂಗಗಳು ಅವನ ಮುಂದೆ ಬಾವಿಯಿಂದ ನೀರೆತ್ತುವ ಕಪಿಲೆಯಿಂದ ತೊಟ್ಟಿಕ್ಕುವ ಹನಿ, ತಕ್ಕಡಿಗೆ ಅಂಟಿದ ಧೂಳು. ಬಾಬೆಲಿನಲ್ಲಿ ನಕ್ಷತ್ರ ನೋಡುವ ವಿದ್ಯೆ ಬಹಳ ಬೆಳೆದಿತ್ತು, ಅಲ್ಲಿ ನಕ್ಷತ್ರಗಳೆಂದರೆ ದೇವತೆಗಳು. ಅಂಥ ಊರಲ್ಲಿ ನಿಂತು, ಆ ನಕ್ಷತ್ರಗಳನ್ನು ದನ ಎಣಿಸಿದ ಹಾಗೆ ಹೆಸರು ಹಿಡಿದು ಕರೆಯುವವನು ನಮ್ಮ ದೇವರು ಅನ್ನುವುದಕ್ಕೆ ಎಷ್ಟು ಧೈರ್ಯ ಬೇಕು, ಯೋಚಿಸಿ. ಗೆದ್ದ ರಾಜ ಆಸ್ಥಾನದಲ್ಲಿ ಹಾಡಿಸಿಕೊಂಡ ಹೊಗಳಿಕೆ ಇದಲ್ಲ. ಲೋಕದ ಕಣ್ಣಿಗೆ ಆ ದೇವರೇ ಸೋತುಹೋಗಿದ್ದ.

ಇನ್ನೊಂದು ವಿಷಯ. 27ನೇ ವಚನದಲ್ಲಿ ಆ ಜನರ ಗೊಣಗಾಟವೂ ಇದೆ. ನಮ್ಮ ದಾರಿ ದೇವರ ಕಣ್ಣಿಗೆ ಬಿದ್ದಿಲ್ಲ, ನಮ್ಮ ನ್ಯಾಯ ಅವನಿಗೆ ಬೇಕಾಗಿಲ್ಲ ಅಂತ. ಅದನ್ನು ಅಳಿಸಿಹಾಕಿಲ್ಲ, ಬಾಯಿ ಮುಚ್ಚಿ ಅಂದಿಲ್ಲ, ಅದಕ್ಕೆ ಉತ್ತರ ಕೊಟ್ಟಿದ್ದಾರೆ. ನಿಮ್ಮ ಪತ್ರವೂ ಅದೇ ಸಾಲಿನದು. ಹಾಗಾಗಿ ಕೇಳಿದ್ದು ತಪ್ಪೇನೋ ಅನ್ನುವ ಅಳುಕು ಬೇಡ. ಸಂಬಳ ಬರುವ ಬ್ರದರ್‌ಗಳ ವಿಷಯಕ್ಕೆ ಕೆಳಗೆ ಇನ್ನೊಂದು ಪ್ರಶ್ನೆಯಲ್ಲಿ ಬರುತ್ತೇನೆ, ಅವರನ್ನು ಅಷ್ಟು ಸುಲಭಕ್ಕೆ ಬಿಡೋದಿಲ್ಲ.

ಪ್ರಶ್ನೆ: ನಮ್ಮ ಪ್ರಾರ್ಥನೆ ಕೂಟದಲ್ಲಿ ಒಬ್ಬರು ಅಮ್ಮನಿಗೆ ಬಿಪಿ ಮಾತ್ರೆ ನಿಲ್ಲಿಸಿ ಅಂದಿದ್ದಾರೆ. ಮಾತ್ರೆ ತಗೊಂಡರೆ ದೇವರ ಶಕ್ತಿಯನ್ನು ನಂಬಿಲ್ಲ ಅಂತ ಆಗುತ್ತದಂತೆ. ಅಮ್ಮ ನಿಲ್ಲಿಸಿದ್ದಾರೆ. ಏನು ಮಾಡಲಿ? (ಹುಬ್ಬಳ್ಳಿ)

ಉತ್ತರ: ಇವತ್ತೇ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಈ ಪತ್ರಿಕೆ ಓದಿ ಮುಗಿಸೋಕೂ ಕಾಯಬೇಡಿ.

ಆಮೇಲೆ ಅವರಿಗೆ ಯೆಶಾಯ 38 ಓದಿ ಹೇಳಿ. ಹಿಜ್ಕೀಯ ರಾಜನಿಗೆ ಸಾಯುವಂಥ ಕಾಯಿಲೆ. ಅತ್ತು ಪ್ರಾರ್ಥಿಸಿದ. ಇನ್ನೂ 15 ವರ್ಷ ಬದುಕುತ್ತೀಯ ಅಂತ ದೇವರಿಂದ ಮಾತೂ ಬಂತು. ಅಷ್ಟಾದ ಮೇಲೆ ಪ್ರವಾದಿಯೇ ಏನು ಹೇಳಿದ ಗೊತ್ತಾ? ಅಂಜೂರದ ಹಣ್ಣಿನ ಉಂಡೆ ತಂದು ಹುಣ್ಣಿನ ಮೇಲೆ ಕಟ್ಟಿ ಅಂದ. ಆ ಕಾಲದ ಔಷಧಿ ಅದು. ದೇವರ ಮಾತು ಸಿಕ್ಕ ಮೇಲೂ ಪ್ರವಾದಿ ಔಷಧಿ ಕಟ್ಟಿಸಿದ್ದಾನೆ. ಮಾತ್ರೆ ನಿಲ್ಲಿಸಿ ಅಂದವರಿಗೆ ಪ್ರವಾದಿಗಿಂತ ಜಾಸ್ತಿ ನಂಬಿಕೆ ಇರಲಿ, ನನಗೇನೂ ಬೇಜಾರಿಲ್ಲ, ಆದರೆ ಅದನ್ನು ತಮ್ಮ ಸ್ವಂತ ಬಿಪಿ ಮೇಲೆ ಪರೀಕ್ಷೆ ಮಾಡಿಕೊಳ್ಳಲಿ.

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಬಾಬೆಲಿನ ಸೆರೆಯಿಂದ ಯೆಹೂದ್ಯರನ್ನು ಪರ್ಷಿಯದ ಕೋರೆಷ ರಾಜ ಬಿಡಿಸಿದ, ಅದೇ ದೇವರ ಬಿಡುಗಡೆ ಅನ್ನುತ್ತೀರಿ. ಇತಿಹಾಸದಲ್ಲಿ ಇದಕ್ಕೆ ಸಾಕ್ಷಿ ಇದೆಯಾ? ಇದ್ದರೂ, ಅದು ರಾಜಕೀಯ ಅಲ್ವಾ, ದೇವರು ಎಲ್ಲಿ ಬಂದ? (ಬೆಂಗಳೂರು)

ಉತ್ತರ: ಸಾಕ್ಷಿ ಇದೆ. ಎಷ್ಟಿದೆಯೋ ಅಷ್ಟೇ ಹೇಳುತ್ತೇನೆ, ಉಬ್ಬಿಸೋದಿಲ್ಲ.

ಶಾಲೆಯ ಪುಸ್ತಕದಲ್ಲಿ ಸೈರಸ್ ಅಂತ ಓದಿರುತ್ತೀರಲ್ಲ, ಅವನೇ ನಮ್ಮ ಬೈಬಲ್‌ನ ಕೋರೆಷ. ಕ್ರಿ.ಪೂ. 539ರಲ್ಲಿ ಅವನು ಬಾಬೆಲನ್ನು ಗೆದ್ದ. ಇದರಲ್ಲಿ ಯಾರಿಗೂ ತಕರಾರಿಲ್ಲ. 1879ರಲ್ಲಿ ಬಾಬೆಲಿನ ಹಾಳುದಿಬ್ಬದಲ್ಲಿ ಹೊರ್ಮುಜ್ದ್ ರಸ್ಸಾಮ್ ಎಂಬವರು ಅಗೆಸುವಾಗ ಪೀಪಾಯಿ ಆಕಾರದ ಒಂದು ಮಣ್ಣಿನ ತುಂಡು ಸಿಕ್ಕಿತು. ಉದ್ದ ಸುಮಾರು 22 ಸೆಂ.ಮೀ., ಮೈತುಂಬ ಮೊಳೆಯಂಥ ಅಕ್ಷರ. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 2013ರ ಕೊನೆಯಲ್ಲಿ ಮುಂಬೈಗೂ ಪ್ರದರ್ಶನಕ್ಕೆ ಬಂದಿತ್ತು. ಅದರಲ್ಲಿ ಕೋರೆಷ ಹೇಳಿಕೊಳ್ಳುತ್ತಾನೆ: ಬೇರೆ ಊರುಗಳಿಂದ ತಂದಿಟ್ಟಿದ್ದ ದೇವರುಗಳನ್ನು ಅವುಗಳ ಗುಡಿಗೆ ಕಳಿಸಿದೆ, ಅಲ್ಲಿಯ ಜನರನ್ನೂ ಅವರವರ ಊರಿಗೆ ಕಳಿಸಿದೆ.

ಈಗ ಉಪದೇಶಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗ. ಆ ತುಂಡಿನಲ್ಲಿ ಯೆಹೂದ್ಯರ ಹೆಸರಿಲ್ಲ. ಯೆರೂಸಲೇಮಿನ ಹೆಸರೂ ಇಲ್ಲ. ಗೆಲುವು ಕೊಟ್ಟವನು ಬಾಬೆಲಿನ ದೇವರು ಮರ್ದೂಕ್ ಅಂತ ಇದೆ. ಮರ್ದೂಕನೇ ಲೋಕವೆಲ್ಲ ಹುಡುಕಿ ಕೋರೆಷನ ಕೈ ಹಿಡಿದನಂತೆ. ಯೆರೂಸಲೇಮಿಗೆ ಹೋಗಿ ದೇವಾಲಯ ಕಟ್ಟಿಕೊಳ್ಳಿ ಎಂಬ ಅಪ್ಪಣೆ ಇರೋದು ಬೈಬಲ್‌ನ ಎಜ್ರನ ಪುಸ್ತಕದಲ್ಲಿ. ಗೆದ್ದ ಜನರನ್ನು ಅವರವರ ಗುಡಿ, ಊರು ಕೊಟ್ಟು ಸಮಾಧಾನವಾಗಿ ಇಟ್ಟುಕೊಳ್ಳುವ ಅವನ ಆಡಳಿತದ ರೀತಿಗೆ ಅದು ಚೆನ್ನಾಗಿ ಹೊಂದುತ್ತದೆ. ಸಾಕ್ಷಿ ಅಲ್ಲಿಯವರೆಗೆ ಬರುತ್ತದೆ.

ರಾಜಕೀಯ ಅಲ್ವಾ ಅಂದಿರಿ. ಹೌದು, ರಾಜಕೀಯವೇ. ತಮಾಷೆ ಏನೆಂದರೆ ಯೆಶಾಯನ ಪುಸ್ತಕ ಇದನ್ನು ಮುಚ್ಚಿಡೋದೇ ಇಲ್ಲ. 45ನೇ ಅಧ್ಯಾಯದಲ್ಲಿ ದೇವರು ಕೋರೆಷನ ಬಲಗೈ ಹಿಡಿದಿದ್ದೇನೆ ಅನ್ನುತ್ತಾನೆ, ಅವನನ್ನು ನನ್ನ ಅಭಿಷಿಕ್ತ, ಅಂದರೆ ಎಣ್ಣೆ ಹಚ್ಚಿ ಆರಿಸಿಕೊಂಡವನು, ಅಂತಲೂ ಕರೆಯುತ್ತಾನೆ. ದಾವೀದನ ವಂಶದ ರಾಜನಿಗೆ ಇಟ್ಟುಕೊಂಡಿದ್ದ ಬಿರುದು ಅದು, ಪರ್ಷಿಯದವನಿಗೆ ಸಿಕ್ಕಿತು. ಜೊತೆಗೆ "ನೀನು ನನ್ನನ್ನು ಅರಿಯದವನಾದರೂ" ಎಂಬ ಅರ್ಥದ ಮಾತನ್ನು ಎರಡೆರಡು ಸಲ ಹೇಳುತ್ತಾನೆ. ಅಂದರೆ ಕೋರೆಷ ತನ್ನ ಲೆಕ್ಕಾಚಾರದಲ್ಲಿ, ತನ್ನ ಲಾಭಕ್ಕೆ, ಬೇರೆ ದೇವರ ಹೆಸರು ಹೇಳಿಕೊಂಡು ಮಾಡಿದ ಕೆಲಸದಲ್ಲೇ ಸೆರೆಯಾಳುಗಳ ಬಿಡುಗಡೆ ಸಾಗಿತು. ಕೆಲವರಿಗೆ ಇದು ಇಷ್ಟವಾಗಲಿಲ್ಲ, ನಮ್ಮನ್ನು ಬಿಡಿಸೋಕೆ ನಮ್ಮವನೇ ಬೇಕಿತ್ತು ಅಂತ ಗೊಣಗಿದರು. ಮಣ್ಣು ಕುಂಬಾರನಿಗೆ ಏನು ಮಾಡುತ್ತೀ ಅಂತ ಕೇಳುತ್ತದೆಯೇ ಅಂತ ಅದೇ ಅಧ್ಯಾಯ ಅವರಿಗೆ ಉತ್ತರ ಕೊಡುತ್ತದೆ.

ಯೆಶಾಯ ಬದುಕಿದ್ದದ್ದು ಇದಕ್ಕೂ ಒಂದೂವರೆ ಶತಮಾನ ಹಿಂದೆ. ಹಾಗಾಗಿ 40ರಿಂದ ಮುಂದಿನ ಭಾಗ ಸೆರೆಯ ಕಾಲದ ಇನ್ನೊಬ್ಬ ಪ್ರವಾದಿಯದು ಅಂತ ಅನೇಕ ಪಂಡಿತರು ಹೇಳುತ್ತಾರೆ. ಯೆಶಾಯನೇ ಮುಂಗಂಡು ಹೇಳಿದ ಅನ್ನುವವರೂ ಇದ್ದಾರೆ. ಈ ಜಗಳಕ್ಕೆ ನಾನು ಇಲ್ಲಿ ಇಳಿಯೋದಿಲ್ಲ. ಮಾತು ಯಾರಿಗೆ ಅನ್ನುವುದರಲ್ಲಿ ಇಬ್ಬರಿಗೂ ಭೇದವಿಲ್ಲ, ಬಾಬೆಲಿನಲ್ಲಿ ಕೂತವರಿಗೆ.

ಪ್ರಶ್ನೆ: ಯೆಶಾಯ 44 ಮತ್ತು 46ರಲ್ಲಿ ವಿಗ್ರಹಗಳನ್ನು ಚೆನ್ನಾಗಿ ಗೇಲಿ ಮಾಡಿದ್ದಾರೆ. ನಮ್ಮ ಓಣಿಯ ಗ್ರೂಪಿನಲ್ಲಿ ಹಬ್ಬದ ದಿನ ಆ ವಚನ ಹಾಕಿದೆ, ದೊಡ್ಡ ಗಲಾಟೆ ಆಯಿತು. ಸತ್ಯ ಹೇಳಿದ್ದು ತಪ್ಪಾ? (ಬೆಟಗೇರಿ)

ಉತ್ತರ: ತಪ್ಪು. ನೇರವಾಗಿ ಹೇಳಿದೆ ಅಂತ ಬೇಜಾರಾಗಬೇಡಿ.

46ನೇ ಅಧ್ಯಾಯದಲ್ಲಿ ಬೇಲ್, ನೆಬೋ ಅಂತ ಇಬ್ಬರ ಹೆಸರಿದೆ. ಬೇಲ್ ಅಂದರೆ ಅದೇ ಮರ್ದೂಕ್. ಬಾಬೆಲಿನಲ್ಲಿ ಹೊಸ ವರ್ಷದ ಹಬ್ಬಕ್ಕೆ ಇವರ ಮೂರ್ತಿಗಳ ದೊಡ್ಡ ಮೆರವಣಿಗೆ. ಊರು ಸುಟ್ಟು, ದೇವಾಲಯದ ಪಾತ್ರೆಗಳನ್ನು ಹೊತ್ತು ತಂದ ರಾಜ್ಯದ ದೇವರುಗಳು ಇವು, ನೋಡುತ್ತ ನಿಂತವನು ಸೆರೆಯಾಳು. ಅವನಿಗೆ ಪ್ರವಾದಿ ಹೇಳುತ್ತಾನೆ, ಈ ಮೂರ್ತಿಗಳನ್ನು ದನಗಳ ಮೇಲೆ ಹೇರಿದ್ದಾರೆ, ದನಗಳು ಬಳಲಿವೆ, ಆ ಹೊರೆಯನ್ನು ಉಳಿಸಿಕೊಳ್ಳೋಕೂ ಆಗದೆ ಆ ದೇವರುಗಳೇ ಸೆರೆಗೆ ಹೋಗುತ್ತಿವೆ. ಇದಕ್ಕೂ ಇತಿಹಾಸದ ಹಿನ್ನೆಲೆ ಇದೆ: ಕೋರೆಷನ ಸೈನ್ಯ ಬರುವ ಮೊದಲು ಬಾಬೆಲಿನ ಕೊನೆಯ ರಾಜ ನಬೋನಿದಸ್ ಸುತ್ತಲಿನ ಊರುಗಳ ಮೂರ್ತಿಗಳನ್ನೆಲ್ಲ ರಾಜಧಾನಿಗೆ ಹೊರಿಸಿ ತಂದಿದ್ದ. ರಾಜ್ಯ ಉಳಿಯಲಿಲ್ಲ.

ಅಲ್ಲಿ ಏಟು ಬಿದ್ದದ್ದು ತುಳಿಯುವ ಸಾಮ್ರಾಜ್ಯದ ಜಂಬಕ್ಕೆ, ಹೊಡೆದವನು ತುಳಿಸಿಕೊಂಡವನು. ನಿಮ್ಮ ಓಣಿಯಲ್ಲಿ ಯಾರು ಯಾರನ್ನು ಸೆರೆ ಹಿಡಿದಿದ್ದಾರೆ? ಹಬ್ಬದ ದಿನ ಹೋಳಿಗೆ ಕಳಿಸುವ ಪಕ್ಕದ ಮನೆಯವರಿಗೆ ಆ ವಚನ ಎಸೆದರೆ ಅದು ಪ್ರವಾದನೆ ಆಗೋದಿಲ್ಲ, ಒರಟುತನ ಆಗುತ್ತದೆ. ಹೋಗಿ ಕ್ಷಮೆ ಕೇಳಿ. ಆಮೇಲೆ ಅದೇ ಅಧ್ಯಾಯದ 3, 4ನೇ ವಚನ ನಿಮಗಾಗಿ ಓದಿಕೊಳ್ಳಿ. ಪ್ರವಾದಿಗೆ ಮುಖ್ಯವಾದದ್ದು ಅದು: ಆ ದೇವರುಗಳನ್ನು ಜನ ಹೊರಬೇಕು, ಈ ದೇವರು ಜನರನ್ನು ಹೊರುತ್ತಾನೆ, ಹುಟ್ಟಿದಾಗಿನಿಂದ ತಲೆ ನರೆಯುವವರೆಗೂ.

ಪ್ರಶ್ನೆ: 'ವಿಮೋಚಕ' ಅಂತ ಹಾಡುತ್ತೇವೆ, ಪ್ರಾರ್ಥನೆಯಲ್ಲೂ ಹೇಳುತ್ತೇವೆ. ನಿಜವಾಗಿ ದೇವರು ಏನು ಮಾಡುತ್ತಾನೆ ಅಂತ ಅರ್ಥ? ಮತ್ತು 'ತನ್ನ ಜನ' ಅಂದರೆ ನಾವು ಮಾತ್ರವಾ? ನನ್ನ ಸೊಸೆ ಬೇರೆ ಜಾತಿಯವಳು, ಸಭೆಯಲ್ಲಿ ಅವಳನ್ನು ಒಂದು ಥರ ನೋಡುತ್ತಾರೆ. (ಕೊಳ್ಳೇಗಾಲ)

ಉತ್ತರ: ತಾಯಿ, ಬೀದರ್‌ನವರು ಸರ ಅಡವಿಟ್ಟಿದ್ದೇನೆ ಅಂತ ಬರೆದರಲ್ಲ, ಅಲ್ಲಿಂದಲೇ ಶುರು ಮಾಡೋಣ. ಅಡವಿಗೆ ಹೋದ ವಸ್ತು ಕಳೆದುಹೋಗಿಲ್ಲ, ಮಾರಿಯೂ ಹೋಗಿಲ್ಲ, ಆದರೆ ಕೈಲೂ ಇಲ್ಲ. ಯಾರಾದರೂ ಹಣ ಕಟ್ಟಿ ಬಿಡಿಸಬೇಕು. ಇಸ್ರಾಯೇಲಿನಲ್ಲಿ ಬಿಡಿಸುವ ಈ ಕೆಲಸಕ್ಕೆ ಒಬ್ಬ ಗೊತ್ತಾದ ಮನುಷ್ಯ ಇದ್ದ. ಯಾಜಕಕಾಂಡ 25 ತೆಗೆಯಿರಿ. ಬಡತನ ಬಂದು ಹೊಲ ಮಾರಿಕೊಂಡರೆ ಹತ್ತಿರದ ನೆಂಟ ಬಂದು ಬಿಡಿಸಬೇಕು. ಸಾಲಕ್ಕೆ ತನ್ನನ್ನೇ ಮಾರಿಕೊಂಡಿದ್ದರೆ ಅಣ್ಣತಮ್ಮ, ಇಲ್ಲವೇ ಚಿಕ್ಕಪ್ಪ ದೊಡ್ಡಪ್ಪ, ಇಲ್ಲವೇ ಅವರ ಮಕ್ಕಳು ಬಿಡಿಸಬಹುದು. ಪಾಪ ಅಂತ ಕೊಡುವ ದಾನ ಇದಲ್ಲ, ರಕ್ತಸಂಬಂಧಕ್ಕೆ ಅಂಟಿಕೊಂಡ ಹೊಣೆ. ಯೆಶಾಯನಲ್ಲಿ ದೇವರು ಮತ್ತೆ ಮತ್ತೆ ತನ್ನನ್ನು ಈ ಜಾಗದಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ಆಕಾಶವನ್ನು ಗೇಣಿನಲ್ಲಿ ಅಳೆದವನು ನಿಮ್ಮ ನೆಂಟ, ನಿಮ್ಮನ್ನು ಬಿಡಿಸೋದು ತನ್ನ ಹೊಣೆ ಅನ್ನುತ್ತಾನೆ. ದೊಡ್ಡತನ ಒಂದು ಕಡೆ, ಹತ್ತಿರದ ನೆಂಟಸ್ತನ ಇನ್ನೊಂದು ಕಡೆ ಅಂತ ಬೇರೆ ಬೇರೆ ಇಟ್ಟರೆ ನಂಬೋಕೆ ಆಗೋದಿಲ್ಲ. ಬರೀ ದೊಡ್ಡವನಾದರೆ ನನಗೇನು, ಬರೀ ನೆಂಟನಾದರೆ ಅವನ ಕೈಲಿ ಏನಾಗುತ್ತದೆ, ಹೌದಲ್ವಾ?

ಈಗ ಸೊಸೆಯ ವಿಷಯ. ರೂತಳ ಪುಸ್ತಕದ 4ನೇ ಅಧ್ಯಾಯ ನೋಡಿ. ರೂತ್ ಮೋವಾಬಿನವಳು, ಇಸ್ರಾಯೇಲ್ಯರಿಗೆ ಆಗದ ಜನ. ಗಂಡ ಸತ್ತ ಮೇಲೆ ಅತ್ತೆಯ ಜೊತೆ ಬೇತ್ಲೆಹೇಮಿಗೆ ಬಂದಿದ್ದಾಳೆ. ಬೋವಜ ಊರಬಾಗಿಲಲ್ಲಿ ಕೂತು ಹತ್ತು ಜನ ಹಿರಿಯರನ್ನು ಕರೆದು ಕೂರಿಸುತ್ತಾನೆ. ಅವನಿಗಿಂತ ಹತ್ತಿರದ ನೆಂಟ ಒಬ್ಬನಿದ್ದಾನೆ. ಹೊಲದ ಮಾತು ಬಂದಾಗ ಬಿಡಿಸುತ್ತೇನೆ ಅನ್ನುತ್ತಾನೆ. ಹೊಲದ ಜೊತೆ ಮೋವಾಬಿನ ವಿಧವೆಯ ಹೊಣೆಯೂ ಇದೆ ಅಂದ ತಕ್ಷಣ ನನ್ನ ಆಸ್ತಿಗೆ ನಷ್ಟ, ನೀನೇ ಮಾಡಿಕೋ ಅಂದು ಕೆರ ಬಿಚ್ಚಿ ಕೊಟ್ಟುಬಿಡುತ್ತಾನೆ, ಆ ಕಾಲದ ಕರಾರಿನ ರೀತಿ ಅದು. ಅವನ ಹೆಸರನ್ನೂ ಆ ಪುಸ್ತಕ ಹೇಳೋದಿಲ್ಲ. ಬೋವಜ ಅವಳನ್ನು ಮದುವೆಯಾದ, ಅವರ ಮರಿಮಗ ದಾವೀದ. ಸಭೆಯಲ್ಲಿ ನಿಮ್ಮ ಸೊಸೆಯನ್ನು "ಒಂದು ಥರ" ನೋಡುವವರು ದಾವೀದನ ಕೀರ್ತನೆಗಳನ್ನು ಹಾಡದೆ ಇರುತ್ತಾರಾ ಕೇಳಿ.

ಯೆಶಾಯ 19ರ ಕೊನೆಯಲ್ಲಿ ಇನ್ನೂ ದೊಡ್ಡ ಮಾತಿದೆ. ಐಗುಪ್ತವನ್ನು, ಅಂದರೆ ಈಜಿಪ್ಟನ್ನು, ದೇವರು "ನನ್ನ ಜನ" ಅನ್ನುತ್ತಾನೆ, ಅಶ್ಶೂರವನ್ನು "ನನ್ನ ಕೈಕೆಲಸ" ಅನ್ನುತ್ತಾನೆ. ಒಬ್ಬರು ಇಸ್ರಾಯೇಲ್ಯರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ಹಳೇ ಒಡೆಯರು, ಇನ್ನೊಬ್ಬರು ಅವರ ಊರುಗಳನ್ನು ಸುಟ್ಟವರು. ನಮ್ಮವರು ಯಾರು ಅನ್ನುವ ಪಟ್ಟಿ ನಮ್ಮ ಕೈಲಿ ಇಲ್ಲ.

ಬೀದರ್‌ನ ಬ್ರದರ್‌ಗಳ ವಿಷಯದಲ್ಲಿ ಕೊಟ್ಟ ಮಾತು ಇಲ್ಲಿ ತೀರಿಸುತ್ತೇನೆ. ದೇವರು ಬಿಡಿಸುವ ನೆಂಟ ಅಂತ ಹಾಡುವ ಸಭೆ ಅದೇ ವಂಶದ್ದಾದರೆ, ಆ ಸರ ಬಿಡಿಸೋಕೆ ಒಂದು ಭಾನುವಾರದ ಕಾಣಿಕೆ ಸಾಕಲ್ವಾ? ಪ್ರಾರ್ಥನೆ ಮುಗಿಸಿ ಹಾಗೇ ಮನೆಗೆ ಹೋಗುವವರು ಕೆರ ಬಿಚ್ಚಿ ಕೊಟ್ಟವನ ಸಾಲಿಗೆ ಸೇರುತ್ತಾರೆ.

ಪ್ರಶ್ನೆ: ಕುವೈತಿನಲ್ಲಿ ಡ್ರೈವರ್ ಕೆಲಸ. ಊರಿಗೆ ವಾಪಸ್ ಹೋಗೋಣ ಅಂತ ಎಷ್ಟೋ ವರ್ಷದಿಂದ ಪ್ರಾರ್ಥನೆ, ಒಂದಲ್ಲ ಒಂದು ಖರ್ಚು ಬಂದು ನಿಲ್ಲುತ್ತದೆ. ದೇವರ ಬಿಡುಗಡೆಗೆ ಕಾಯುತ್ತಾ ಇಲ್ಲಿ ಜೀವನ ನಿಂತೇ ಹೋಗಿದೆ ಅನ್ನಿಸುತ್ತದೆ.

ಉತ್ತರ: ನಿಮ್ಮನ್ನು ಯಾರೂ ಸೆರೆ ಹಿಡಿದು ಒಯ್ದಿಲ್ಲ, ನಿಜ, ಆದರೆ ಊರು ಬಿಟ್ಟ ಸಂಕಟ ಸುಳ್ಳಲ್ಲ. 137ನೇ ಕೀರ್ತನೆಯವರು ಬಾಬೆಲಿನ ಹೊಳೆ ದಂಡೆಯಲ್ಲಿ ಕೂತು ಅತ್ತರು, ಕಿನ್ನರಿಗಳನ್ನು ಮರಕ್ಕೆ ನೇತುಹಾಕಿದರು. ಅವರಿಗೇ ಯೆರೂಸಲೇಮಿನಿಂದ ಪ್ರವಾದಿ ಯೆರೆಮೀಯನ ಪತ್ರ ಬಂತು. ಯೆರೆಮೀಯ 29ರಲ್ಲಿದೆ. ಅದರಲ್ಲಿ ಗಂಟುಮೂಟೆ ಕಟ್ಟಿಕೊಂಡು ಕಾದಿರಿ ಅಂತ ಇಲ್ಲ. ಮನೆ ಕಟ್ಟಿ, ತೋಟ ಮಾಡಿ, ಅದರ ಹಣ್ಣು ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಆ ಊರಿನ ಒಳ್ಳೆಯದಕ್ಕೆ ಪ್ರಾರ್ಥಿಸಿ ಅಂತ ಇದೆ. 70 ವರ್ಷ ಆಗುತ್ತದೆ ಅಂತಲೂ ಹೇಳಿದ. ಆ ಪತ್ರ ಕೇಳಿದ ವಯಸ್ಸಾದವರಿಗೆ ತಾವು ವಾಪಸ್ ಹೋಗೋದಿಲ್ಲ ಅಂತ ಅಲ್ಲೇ ಗೊತ್ತಾಗಿರಬೇಕು.

ಅವರು ಹಾಗೇ ಬದುಕಿದರು. 'ಯೆಹೂದದ ಊರು' ಎಂಬ ಅರ್ಥದ ಹೆಸರಿನ ಒಂದು ಹಳ್ಳಿ ಬಾಬೆಲ್ ಸೀಮೆಯಲ್ಲೇ ಇತ್ತು. ಅಲ್ಲಿಯ ಕಾಗದಪತ್ರ, ಅಂದರೆ ಮಣ್ಣಿನ ಹಲಗೆಗಳು, ನೂರಕ್ಕೂ ಹೆಚ್ಚು ಸಿಕ್ಕಿವೆ. ಕ್ರಿ.ಪೂ. 572ರಿಂದ 477ರವರೆಗಿನವು. ಗೇಣಿ, ಸಾಲ, ತೆರಿಗೆ, ಬಾರ್ಲಿ, ಖರ್ಜೂರ, ಎಲ್ಲ ನಮ್ಮ ಹಳ್ಳಿಯ ಪಹಣಿ, ಕೈಗಡದ ವ್ಯವಹಾರವೇ. ಜನರ ಹೆಸರಿನಲ್ಲಿ ಮಾತ್ರ ತಮ್ಮ ದೇವರು ಯೆಹೋವನ ಹೆಸರು ಸೇರಿಕೊಂಡಿದೆ. ಕೋರೆಷ ಸೆರೆಯಾಳುಗಳನ್ನು ಬಿಟ್ಟ ಮೇಲೂ ಅಲ್ಲಿ ವ್ಯವಹಾರ ನಡೆದೇ ಇದೆ, ಅಂದರೆ ಎಲ್ಲರೂ ವಾಪಸ್ ಹೋಗಲಿಲ್ಲ.

ಅದೇ ಯೆರೆಮೀಯ ಯೆರೂಸಲೇಮಿಗೆ ಮುತ್ತಿಗೆ ಬಿದ್ದಾಗ, ತಾನೇ ಸೆರೆಯ ಕಾವಲಿನಲ್ಲಿದ್ದಾಗ, ತನ್ನ ಊರಾದ ಅನಾತೋತಿನ ಒಂದು ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿ ಕೊಂಡುಕೊಂಡ. ಇನ್ನೂರು ಗ್ರಾಂಗೂ ಕಡಿಮೆ ಬೆಳ್ಳಿ. ಶತ್ರು ಸೈನ್ಯ ಸುತ್ತ ಬೀಡುಬಿಟ್ಟಿರುವಾಗ ಯಾರು ಜಮೀನು ಕೊಳ್ಳುತ್ತಾರೆ? ಸಾಕ್ಷಿಗಳ ಮುಂದೆ ಪತ್ರ ಬರೆಸಿ, ಮುದ್ರೆ ಹಾಕಿಸಿ, ಬಹಳ ದಿನ ಉಳಿಯಲಿ ಅಂತ ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ಬಿಡುಗಡೆ ನಂಬೋದು ಅಂದರೆ ಹೀಗೆ ರಿಜಿಸ್ಟರ್ ಕೆಲಸವೂ ಹೌದು. ನೀವೂ ಅಲ್ಲೇ ಗೆಳೆಯರನ್ನು ಮಾಡಿಕೊಳ್ಳಿ, ರಜೆಯಲ್ಲಿ ಮಲಗಿಯೇ ಕಳೆಯಬೇಡಿ, ಮಕ್ಕಳ ಜೊತೆ ದಿನಾ ಮಾತಾಡಿ. ಊರಲ್ಲಿ ಸಣ್ಣ ಸೈಟಿನ ಆಸೆ ಇದ್ದರೆ ಕಾಗದಪತ್ರ ವಕೀಲರಿಗೆ ತೋರಿಸಿಯೇ ತಗೊಳ್ಳಿ.

ಪ್ರಶ್ನೆ: ನನ್ನ ಗಂಡ ಕುಡಿತದಿಂದ ಬಿಡುಗಡೆ ಆಗಲಿ ಅಂತ ಮದುವೆಯಾದಾಗಿನಿಂದ ಉಪವಾಸ ಮಾಡಿದೆ. ಹೋದ ವರ್ಷ ಲಿವರ್ ಹಾಳಾಗಿ ತೀರಿಕೊಂಡರು. ನಿನ್ನ ನಂಬಿಕೆಯೇ ಸಾಲಲಿಲ್ಲ ಅಂತ ಒಬ್ಬರು ಅಂದರು. ಹೌದಾ? (ಊರು ಬೇಡ)

ಉತ್ತರ: ಇಲ್ಲಮ್ಮ. ಅದು ಸುಳ್ಳು. ಹಾಗೆ ಅಂದವರು ನಿಮ್ಮ ಗಾಯದ ಮೇಲೆ ಕಾಲಿಟ್ಟಿದ್ದಾರೆ.

ಕ್ರಿ.ಪೂ. 586ಕ್ಕೂ 539ಕ್ಕೂ ನಡುವೆ 47 ವರ್ಷ. ಆ ನಡುವೆ ನಂಬಿದವರು ಎಷ್ಟೋ ಜನ ಬಾಬೆಲಿನ ಮಣ್ಣಲ್ಲೇ ಮಣ್ಣಾದರು. ಅವರ ನಂಬಿಕೆ ಕಡಿಮೆಯಿತ್ತು ಅಂತ ಪವಿತ್ರ ಗ್ರಂಥ ಎಲ್ಲೂ ಹೇಳೋದಿಲ್ಲ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ನಂಬಿಕೆಯ ದೊಡ್ಡ ದೊಡ್ಡ ಹೆಸರುಗಳಿವೆ, ಆ ಅಧ್ಯಾಯವೇ ಇವರು ವಾಗ್ದಾನದ ಫಲ ಹೊಂದದೆ ಸತ್ತರು ಅನ್ನುತ್ತದೆ. ಅವರನ್ನು ಸೋತವರು ಅಂತ ಬರೆದಿಲ್ಲ.

ನಿಮ್ಮವರಿಗೆ ಯಾಕೆ ಹಾಗಾಯಿತು ಅನ್ನೋದಕ್ಕೆ ನಾನು ಕಾರಣ ಕೊಡೋದಿಲ್ಲ. ಕುಡಿತ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಸಿಕ್ಕವರೂ ಎಲ್ಲರೂ ಉಳಿಯೋದಿಲ್ಲ. ಅದರ ಲೆಕ್ಕವನ್ನು ನಿಮ್ಮ ಉಪವಾಸದ ತಲೆಗೆ ಕಟ್ಟಬೇಡಿ. ಯೆಶಾಯ 63ರಲ್ಲಿ ಒಂದು ಮಾತಿದೆ, ಅವರು ಕಷ್ಟಪಟ್ಟಾಗೆಲ್ಲ ದೇವರೂ ಕಷ್ಟಪಟ್ಟನು ಅಂತ. ನನಗೆ ಗೊತ್ತಿರುವ ದೊಡ್ಡತನದ ಮಾತುಗಳಲ್ಲಿ ಅದೇ ದೊಡ್ಡದು. ಆಸ್ಪತ್ರೆಯಲ್ಲಿ ನೀವು ಒಬ್ಬರೇ ಕೂತಿರಲಿಲ್ಲ ಅಂತ ನಾನು ನಂಬುತ್ತೇನೆ. ನೀವು ಈಗಲೇ ನಂಬಬೇಕು ಅಂತ ಒತ್ತಾಯ ಮಾಡೋದಿಲ್ಲ. ಸದ್ಯಕ್ಕೆ ಉಪವಾಸ ಬೇಡ, ಹೊತ್ತುಹೊತ್ತಿಗೆ ಊಟ ಮಾಡಿ. ರಾತ್ರಿ ನಿದ್ದೆ ಬರದಿದ್ದರೆ, ಯಾರ ಹತ್ತಿರವಾದರೂ ಮನಸ್ಸು ಬಿಚ್ಚಬೇಕು ಅನ್ನಿಸಿದರೆ, ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ.

ಪ್ರಶ್ನೆ: ಯೆಶಾಯ 40:31, ಹದ್ದುಗಳ ಹಾಗೆ ರೆಕ್ಕೆ ಚಾಚಿ ಏರುವರು ಅನ್ನೋದು ನನ್ನ ಫೇವರಿಟ್ ವಚನ, ಸ್ಟೇಟಸ್ಸಿಗೂ ಅದೇ. ಆದರೆ ಅದರಲ್ಲಿ ಮೊದಲು ಹಾರೋದು, ಆಮೇಲೆ ಓಡೋದು, ಕೊನೆಗೆ ನಡೆಯೋದು ಅಂತ ಇದೆ. ಉಲ್ಟಾ ಇರಬೇಕಿತ್ತಲ್ವಾ? (ಮಂಗಳೂರು)

ಉತ್ತರ: ಒಳ್ಳೆಯ ಕಣ್ಣು. ನನ್ನ ಪ್ರಕಾರ ಉಲ್ಟಾ ಏನಿಲ್ಲ, ಕೇಳುತ್ತಿದ್ದವರಿಗೆ ಕೊನೆಯದೇ ಬೇಕಾಗಿದ್ದದ್ದು. ಬಾಬೆಲಿನಿಂದ ಯೆರೂಸಲೇಮಿಗೆ ಮರುಭೂಮಿ ಅಡ್ಡ ಹಾಯ್ದು ಹೋಗೋಕೆ ಆಗೋದಿಲ್ಲ. ಯೂಫ್ರೆಟಿಸ್ ನದಿ ಹಿಡಿದು ಮೇಲಕ್ಕೆ ಹೋಗಿ, ಸಿರಿಯ ಕಡೆಯಿಂದ ಸುತ್ತಿಕೊಂಡು ಕೆಳಗೆ ಇಳಿಯಬೇಕು. ಮುಂದೆ ಎಜ್ರ ಹೋದಾಗ ನಾಲ್ಕು ತಿಂಗಳು ಹಿಡಿಯಿತು ಅಂತ ಅವನ ಪುಸ್ತಕದ 7ನೇ ಅಧ್ಯಾಯದಲ್ಲಿದೆ. ಮಕ್ಕಳು, ಮುದುಕರು, ಪಾತ್ರೆಪಗಡ ಕಟ್ಟಿಕೊಂಡು ನಾಲ್ಕು ತಿಂಗಳು ನಡೆಯಬೇಕಾದವನಿಗೆ "ನಡೆದು ಬಳಲರು" ಅನ್ನೋದಕ್ಕಿಂತ ದೊಡ್ಡ ವಾಗ್ದಾನ ಏನು ಬೇಕು?

ಮೊದಲು ವಾಪಸ್ ಹೋದವರ ಲೆಕ್ಕ ಎಜ್ರ 2ರಲ್ಲಿದೆ. ಜನ 42,360. ಕುದುರೆ 736, ಹೇಸರಗತ್ತೆ 245, ಒಂಟೆ 435, ಕತ್ತೆ 6,720. ಹದ್ದು ಒಂದೂ ಇಲ್ಲ. ಮುಂದಿನ ಸಲ ಸ್ಟೇಟಸ್ಸಿಗೆ ಕತ್ತೆ ಫೋಟೋ ಹಾಕಿದರೂ ನಡೆಯುತ್ತದೆ.